ಛಂದಸ್ಸನ್ನು ಕಳಚಿದರೆ ಕವಿತೆಯಲ್ಲಿ ಉಳಿಯುವುದೇನು? ಆಧುನಿಕ ಅರಬ್ ಕವಿಗಳ ಕಾವ್ಯಚಿಂತನೆಯ ಕುರಿತು

ಮುಂಗಾರು (ಚರ್ಚೆ ಆರಂಭಿಸಿದವರು):

ಮಾನ್ಯರೇ, ಕೆಲವು ತಿಂಗಳುಗಳಿಂದ ಇಪ್ಪತ್ತನೆಯ ಶತಮಾನದ ಅರಬ್ ಕಾವ್ಯವನ್ನು ಅನುವಾದಗಳ ಮೂಲಕ ಓದುತ್ತಿದ್ದೇನೆ. ಕವಿತೆಗಳಷ್ಟೇ, ಒಮ್ಮೊಮ್ಮೆ ಕವಿತೆಗಳಿಗಿಂತ ಹೆಚ್ಚಾಗಿ, ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕವಿಗಳು ಬರೆದ ಮುನ್ನುಡಿಗಳು ಮತ್ತು ಲೇಖನಗಳು. ಕೈರೋ, ಬಗ್ದಾದ್, ಬೈರೂತ್ ಎಲ್ಲಿಯವರೇ ಆಗಲಿ, ಕವಿತೆ ಎಂದರೇನು ಎಂಬ ಪ್ರಶ್ನೆಯನ್ನು ಯಾರೂ ಕೇಳಿಯೇ ಇಲ್ಲವೇನೋ ಎಂಬಂತೆ ಪ್ರತಿಯೊಬ್ಬರೂ ಮೊದಲಿನಿಂದ ಎತ್ತಿಕೊಳ್ಳುತ್ತಾರೆ. ಹಾಗೆ ನೋಡಿದರೆ ಆ ಪ್ರಶ್ನೆಗೆ ಹತ್ತನೆಯ ಶತಮಾನದಲ್ಲಿಯೇ ಕುದಾಮಾ ಇಬ್ನ್ ಜಾಫರ್ ಚೊಕ್ಕ ಉತ್ತರ ಕೊಟ್ಟಿದ್ದರು: ಛಂದಸ್ಸಿಗೆ ಒಳಪಟ್ಟ, ಅಂತ್ಯಪ್ರಾಸವುಳ್ಳ, ಒಂದು ಅರ್ಥವನ್ನು ಸೂಚಿಸುವ ಮಾತೇ ಕಾವ್ಯ. ಸಾವಿರ ವರ್ಷ ಶಾಲೆಯ ಮಕ್ಕಳು ಬಾಯಿಪಾಠ ಮಾಡಿದ ಈ ಲಕ್ಷಣ ಆಧುನಿಕರಿಗೆ ಏಕೆ ಸಾಲದಾಯಿತು? ಅವರ ಜಗಳ ನಿಜವಾಗಿಯೂ ಛಂದಸ್ಸಿನ ಬಗ್ಗೆಯೋ, ಅಥವಾ ಛಂದಸ್ಸನ್ನು ನೆಪವಾಗಿಟ್ಟುಕೊಂಡು ಬೇರೇನನ್ನೋ ಕುರಿತದ್ದೋ? ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಹಳೆಯ ಓದುಗ:

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಜಗಳ ಛಂದಸ್ಸಿನ ಬಗ್ಗೆಯೇ ಶುರುವಾದದ್ದು ನಿಜ. ಆದರೆ ಅರಬ್ಬರಲ್ಲಿ ಛಂದಸ್ಸು ಎಂದರೆ ಏನು ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಅರಬ್ಬಿಯಲ್ಲಿ ಪದ್ಯದ ಒಂದು ಸಾಲಿಗೆ ‘ಬೈತ್’ ಎನ್ನುತ್ತಾರೆ. ಬೈತ್ ಎಂದರೆ ಮನೆ. ಅಲೆಮಾರಿ ಬೆದೂಯಿನರ ಪಾಲಿಗೆ ಡೇರೆ. ಸಾಲಿನ ಎರಡು ಅರ್ಧಗಳಲ್ಲಿ ಒಂದೊಂದಕ್ಕೂ ‘ಮಿಸ್ರಾ’ ಎಂದು ಹೆಸರು, ಅಂದರೆ ಜೋಡಿ ಬಾಗಿಲಿನ ಒಂದು ಕದ. ಲಯದ ಘಟಕಗಳ ಹೆಸರುಗಳೂ ಹಾಗೆಯೇ: ‘ಸಬಬ್’ ಎಂದರೆ ಡೇರೆಯ ಹಗ್ಗ, ‘ವತದ್’ ಎಂದರೆ ಹಗ್ಗ ಕಟ್ಟುವ ಗೂಟ. ಎಂಟನೆಯ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಹಳೆಯ ಕವಿತೆಗಳನ್ನು ಕಿವಿಗೊಟ್ಟು ಅಳೆದು 15 ಛಂದಸ್ಸುಗಳನ್ನು ಗುರುತಿಸಿದರು. 16ನೆಯದನ್ನು ಸೇರಿಸಿದವರು ಅಖ್ಫಶ್ ಎಂಬ ವಿದ್ವಾಂಸರೆಂದು ಪರಂಪರೆ ಹೇಳುತ್ತದೆ. ಹೀಗೆ ನೋಡಿದಾಗ ಛಂದಸ್ಸನ್ನು ಮುರಿಯುವುದೆಂದರೆ ಅವರ ಪಾಲಿಗೆ ಅಳತೆಗೋಲನ್ನು ಬದಲಿಸುವಷ್ಟು ಸುಲಭದ ಮಾತಲ್ಲ, ವಾಸದ ಮನೆಯ ಗೂಟ ಕೀಳುವಷ್ಟು ದೊಡ್ಡದು.

ಇನ್ನೊಂದು ಸಂಗತಿಯಿದೆ. ಕಾವ್ಯಕ್ಕೆ ಅರಬ್ಬಿಯಲ್ಲಿರುವ ‘ಶಿಅ್ರ್’ ಎಂಬ ಪದದ ಧಾತುವಿಗೆ ಅರಿಯುವುದು, ಅನುಭವಕ್ಕೆ ತಂದುಕೊಳ್ಳುವುದು ಎಂಬ ಅರ್ಥಗಳಿವೆ. ಕುದಾಮಾ ಅವರ ಲಕ್ಷಣದಲ್ಲಿ ಈ ಅರಿವಿನ ಎಳೆ ಎಲ್ಲಿಯೂ ಕಾಣಿಸುವುದಿಲ್ಲ. ಆಧುನಿಕರು ಮಾಡಿದ್ದೆಲ್ಲ ಆ ಎಳೆಯನ್ನು ಮತ್ತೆ ಎಳೆದು ತೆಗೆಯುವ ಯತ್ನವೆಂದು ನನ್ನ ಅಭಿಪ್ರಾಯ. ಕವಿ ಮೊದಲು ಕುಶಲಕರ್ಮಿಯಾಗಿದ್ದ, ಆಮೇಲೆ ಭಾವಜೀವಿಯಾದ, ಕೊನೆಗೆ ದ್ರಷ್ಟಾರನಾದ. ಛಂದಸ್ಸು ಈ ಸ್ಥಾನಾಂತರದ ದಾರಿಯಲ್ಲಿ ಸಿಕ್ಕಿದ ಸುಂಕದಕಟ್ಟೆ ಅಷ್ಟೆ.

ಮೊದಲ ಘಟ್ಟವನ್ನು ಬೇಗ ದಾಟೋಣ. ಈಜಿಪ್ಟಿನ ಬಾರೂದಿ, ಅಹ್ಮದ್ ಶೌಕಿ, ಹಾಫಿಜ್ ಇಬ್ರಾಹೀಂ ಅವರು ಅಬ್ಬಾಸೀ ಖಲೀಫರ ಕಾಲದ (ಎಂಟರಿಂದ ಹದಿಮೂರನೆಯ ಶತಮಾನ) ಕಾವ್ಯದ ಗಾಂಭೀರ್ಯವನ್ನು ಮರಳಿ ತಂದರು. ಶೌಕಿಯವರಿಗೆ 1927ರಲ್ಲಿ ‘ಕವಿಗಳ ರಾಜಕುಮಾರ’ ಎಂಬ ಬಿರುದೂ ಬಂತು. ಆದರೆ ಬಿರುದು ಬರುವ ಮೊದಲೇ ಪೆಟ್ಟು ಬಿದ್ದಿತ್ತು. 1921ರಲ್ಲಿ ಅಬ್ಬಾಸ್ ಮಹಮೂದ್ ಅಲ್ ಅಕ್ಕಾದ್ ಮತ್ತು ಇಬ್ರಾಹೀಂ ಅಲ್ ಮಾಜಿನಿ ಸೇರಿ ‘ದೀವಾನ್’ ಎಂಬ ವಿಮರ್ಶಾಗ್ರಂಥವನ್ನು ಹೊರತಂದರು. ಅದರಲ್ಲಿ ಅಕ್ಕಾದ್, ರಾಷ್ಟ್ರನಾಯಕ ಮುಸ್ತಫಾ ಕಾಮಿಲ್ ತೀರಿಕೊಂಡಾಗ ಶೌಕಿ ಬರೆದ ಚರಮಗೀತೆಯನ್ನು ಎತ್ತಿಕೊಂಡು ಒಂದು ಕಿಡಿಗೇಡಿ ಪ್ರಯೋಗ ಮಾಡಿದರು: ಸಾಲುಗಳ ಕ್ರಮವನ್ನು ಕಲಸಿ ಹೊಸದಾಗಿ ಜೋಡಿಸಿ ತೋರಿಸಿದರು. ಕವಿತೆಗೆ ಏನೂ ಆಗಲಿಲ್ಲ! ಹಾಗಾದರೆ ಇದು ಜೀವವಿರುವ ದೇಹವಲ್ಲ, ಮರಳಿನ ರಾಶಿ ಎಂಬುದು ಅವರ ವಾದ. ಕವಿ ವಸ್ತುಗಳ ಬಣ್ಣ ಮತ್ತು ಆಕಾರಗಳನ್ನು ಎಣಿಸುವವನಲ್ಲ, ಅವುಗಳ ಸತ್ತ್ವವನ್ನು ಅನುಭವಿಸುವವನು ಎಂದು ಅವರು ಶೌಕಿಗೆ ನೇರವಾಗಿ ಬರೆದರು. ಇವರಿಬ್ಬರ ಮೊದಲ ಒಡನಾಡಿಯಾಗಿದ್ದ ಅಬ್ದುರ್ರಹಮಾನ್ ಶುಕ್ರಿ ತಮ್ಮ 1909ರ ಸಂಕಲನದಲ್ಲಿಯೇ ಕಾವ್ಯವೆಂದರೆ ‘ವಿಜ್ದಾನ್’ ಎಂದು ಸಾರಿದ್ದರು. ಆ ಪದವನ್ನು ‘ಭಾವ’ ಎಂದರೆ ಅರ್ಧ ಮಾತ್ರ ಹೇಳಿದಂತೆ. ಒಳಗಿನಿಂದಲೇ ಒದಗುವ ಅರಿವು ಎಂಬ ಅರ್ಥವೂ ಅದರಲ್ಲಿದೆ.

ಕಲಬುರಗಿಯವ:

ಹಿರಿಯರ ವಿವರಣೆಗೆ ಒಂದು ಚಿಕ್ಕ ಸೇರ್ಪಡೆ. ನಮ್ಮ ಭಾಗದಲ್ಲಿ ಕನ್ನಡ ಗಜಲ್ ಬರೆಯುವವರು ‘ಕಾಫಿಯಾ’ ಎಂಬ ಪದವನ್ನು ದಿನವೂ ಬಳಸುತ್ತಾರೆ. ಅದು ಈ ಅರಬ್ಬಿ ಅಂತ್ಯಪ್ರಾಸವೇ, ಪಾರಸಿ ಮತ್ತು ಉರ್ದುವಿನ ಮೂಲಕ ನಮಗೆ ಬಂದದ್ದು. ಆದರೆ ಗಜಲಿನ ಅನುಭವದಿಂದ ಅರಬ್ಬಿಯ ದೀರ್ಘ ಸಾಂಪ್ರದಾಯಿಕ ಕವಿತೆಯಾದ ಕಸೀದಾವನ್ನು ಊಹಿಸಿಕೊಂಡರೆ ದಾರಿ ತಪ್ಪಬಹುದು. ಪದವೇ ಮರುಕಳಿಸುವ ರದೀಫಿನ ಆಸರೆ ಅಲ್ಲಿ ಇಲ್ಲ. ಐವತ್ತು ಸಾಲಿನ ಕಸೀದಾ ಆದರೆ ಐವತ್ತು ಸಾಲಿನ ಕೊನೆಯಲ್ಲಿಯೂ ಬೇರೆ ಬೇರೆ ಪದ, ಆದರೆ ಒಂದೇ ಪ್ರಾಸಾಕ್ಷರ ಬರಬೇಕು. ಆ ಅಕ್ಷರದಿಂದಲೇ ಕವಿತೆಗೆ ಹೆಸರಿಡುವ ವಾಡಿಕೆಯೂ ಇತ್ತು: ಲಕಾರದ ಕಸೀದಾ ‘ಲಾಮಿಯ್ಯಾ’, ನಕಾರದ್ದು ‘ನೂನಿಯ್ಯಾ’. ಪ್ರಾಸವೇ ಕವಿತೆಯ ಹೆಸರಾಗಿರುವ ಪರಂಪರೆಯಲ್ಲಿ ಪ್ರಾಸ ಬೇಡವೆನ್ನುವುದಕ್ಕೆ ಎಂಟೆದೆ ಬೇಕು.

ತುಂಗೆ:

ಹಳೆಯ ಓದುಗರೇ, ನಿಮ್ಮ ‘ಕುಶಲಕರ್ಮಿ, ಭಾವಜೀವಿ, ದ್ರಷ್ಟಾರ’ ಎಂಬ ಮೂರು ಮೆಟ್ಟಿಲು ಅಚ್ಚುಕಟ್ಟಾಗಿದೆ. ಅಷ್ಟು ಅಚ್ಚುಕಟ್ಟಾಗಿರುವುದರಿಂದಲೇ ನನಗೆ ಅನುಮಾನ. ಹಳೆಯ ಕಾವ್ಯಮೀಮಾಂಸೆಯನ್ನು ಕುದಾಮಾ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹನ್ನೊಂದನೆಯ ಶತಮಾನದ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ, ಮಾತಿನ ಸೊಗಸು ಬಿಡಿ ಪದಗಳಲ್ಲಿಲ್ಲ, ಪದಗಳು ಒಂದನ್ನೊಂದು ಹಿಡಿದು ನಿಲ್ಲುವ ಜೋಡಣೆಯಲ್ಲಿದೆ ಎಂದು ವಾದಿಸಿದವರು. ಅವರ ದೃಷ್ಟಿಯಲ್ಲಿ ಛಂದಸ್ಸು ಕಾವ್ಯಗುಣದ ಮೂಲವೇ ಅಲ್ಲ. ಆಧುನಿಕರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಬಂಡೆದ್ದ ಸಿರಿಯಾ ಮೂಲದ ಕವಿ ಅದೋನಿಸ್ ಕೂಡ ಆಮೇಲೆ ಜುರ್ಜಾನಿಯವರನ್ನೇ ತಮ್ಮ ಪೂರ್ವಜರಂತೆ ಕರೆದುಕೊಂಡರು.

ಎರಡನೆಯದಾಗಿ, ನೀವು ಕೈರೋದಲ್ಲಿಯೇ ನಿಂತಿರಿ. ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಸಿರಿಯಾ ಮತ್ತು ಲೆಬನಾನ್ ಮೂಲದ ಬರಹಗಾರರು 1920ರಲ್ಲಿ ‘ಲೇಖನಿ ಬಳಗ’ವನ್ನು ಕಟ್ಟಿಕೊಂಡಿದ್ದರು. ನಮ್ಮಲ್ಲಿ ಖಲೀಲ್ ಜಿಬ್ರಾನ್ ಎಂದರೆ ಮದುವೆಯ ಕರೆಯೋಲೆಯಲ್ಲಿ ಅಚ್ಚಾಗುವ ಸೂಕ್ತಿಗಳ ಕರ್ತೃ; ಆದರೆ ಅರಬ್ಬಿಯಲ್ಲಿ ಆತ ಗದ್ಯದ ಲಯವನ್ನೇ ಬದಲಿಸಿದ ಬಂಡಾಯಗಾರ. ಆತನ ಗೆಳೆಯ ಮಿಖಾಯೀಲ್ ನುಐಮೆ 1923ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು ‘ಜರಡಿ’. ಛಂದಶ್ಶಾಸ್ತ್ರದ ಪಾರಿಭಾಷಿಕ ಪದಗಳನ್ನು ಅದರಲ್ಲಿ ಅವರು ಗೇಲಿ ಮಾಡುವ ರೀತಿ ಓದಿದರೆ ಇಂದಿಗೂ ನಗು ಬರುತ್ತದೆ. ಆ ಬಳಗದ ಕವಿ ಈಲಿಯಾ ಅಬೂ ಮಾದಿ 1927ರಲ್ಲಿ ಹೊರತಂದ ಸಂಕಲನದ ಆರಂಭದಲ್ಲಿಯೇ, ಕವಿತೆಯೆಂದರೆ ಪದ ಮತ್ತು ಛಂದಸ್ಸು ಎಂದು ನೀನು ಎಣಿಸುವುದಾದರೆ ನೀನು ನನ್ನವನಲ್ಲ ಎಂದು ಓದುಗನಿಗೆ ಹೇಳುತ್ತಾರೆ. ಸ್ವಾರಸ್ಯವೆಂದರೆ ಹಾಗೆ ಹೇಳಿದ್ದು ತಪ್ಪಿಲ್ಲದ ಛಂದಸ್ಸಿನಲ್ಲಿ, ಪ್ರಾಸಬದ್ಧವಾಗಿಯೇ.

ಹಳೆಯ ಓದುಗ:

ತುಂಗೆಯವರ ಆಕ್ಷೇಪವನ್ನು ಒಪ್ಪುತ್ತೇನೆ. ಮೆಟ್ಟಿಲು ಎಂದದ್ದು ನನ್ನ ಅನುಕೂಲಕ್ಕೆ. ಹಳೆಯ ಮೆಟ್ಟಿಲಿನ ಮೇಲೆ ಕೂತವರು ಇಂದಿಗೂ ಎದ್ದಿಲ್ಲ. ಜುರ್ಜಾನಿಯವರ ವಿಷಯದಲ್ಲಿಯೂ ನಿಮ್ಮ ಮಾತು ಸರಿ.

ಈಗ 1947ಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಆ ವರ್ಷ ಈಜಿಪ್ಟಿನಲ್ಲಿ ಕಾಲರಾ ಹಬ್ಬಿ ದಿನದಿನವೂ ಸಾವಿನ ಸುದ್ದಿ ಬರುತ್ತಿತ್ತು. ಬಗ್ದಾದಿನಲ್ಲಿ 24ರ ಹರೆಯದ ನಾಜಿಕ್ ಅಲ್ ಮಲಾಯಿಕಾ ಅದನ್ನು ಕುರಿತು ಹಳೆಯ ಮಾದರಿಯಲ್ಲಿ ಬರೆದು ನೋಡಿದರು, ಸಮಾಧಾನವಾಗಲಿಲ್ಲ. ಅಕ್ಟೋಬರ್ 27ರಂದು ಬರೆದ ‘ಕಾಲರಾ’ ಎಂಬ ಕವಿತೆಯಲ್ಲಿ ಸಾಲುಗಳ ಉದ್ದ ಒಂದೇ ಸಮನಾಗಿಲ್ಲ. ಮೊದಲ ಸಾಲಿನಲ್ಲಿ ‘ಸಕನ ಅಲ್ ಲೈಲ್’, ಇರುಳು ಸ್ತಬ್ಧವಾಯಿತು, ಎಂಬಷ್ಟೇ ಮಾತು. ಮುಂದಿನ ಸಾಲು ನರಳಿಕೆಯ ಮರುದನಿಗೆ ಕಿವಿಗೊಡು ಎನ್ನುತ್ತಾ ಉದ್ದಕ್ಕೆ ಸಾಗುತ್ತದೆ. ನಡುನಡುವೆ ‘ಅಲ್ ಮೌತ್, ಅಲ್ ಮೌತ್, ಅಲ್ ಮೌತ್’ ಎಂದು ಸಾವು ಎಂಬ ಪದ ಮೂರು ಸಲ ಬೀಳುತ್ತದೆ. ಹೆಣದ ಬಂಡಿ ಎಳೆಯುವ ಕುದುರೆಗಳ ಗೊರಸಿನ ಸದ್ದನ್ನು ಹಿಡಿಯಲು ಈ ರೂಪ ಬೇಕಾಯಿತು ಎಂದು ನಾಜಿಕ್ ವಿವರಿಸಿದ್ದಾರೆ. ಗಮನಿಸಿ: ಅವರು ಲಯವನ್ನು ಬಿಡಲಿಲ್ಲ. ‘ತಫ್ಈಲಾ’ ಎಂಬ ಗಣವನ್ನು ಉಳಿಸಿಕೊಂಡರು. ಸಾಲಿಗೆ ಎಷ್ಟು ಗಣ ಎಂಬುದನ್ನು ಮಾತ್ರ ಅರ್ಥದ ಉಸಿರಿಗೆ ಬಿಟ್ಟರು. ಡೇರೆಯ ಗೂಟ, ಹಗ್ಗ ಎಲ್ಲ ಇವೆ. ಡೇರೆಯ ಉದ್ದಗಲ ಮಾತ್ರ ನಿಶ್ಚಿತವಲ್ಲ.

ಅದೇ ಕಾಲಕ್ಕೆ ಬಸ್ರಾದ ಹತ್ತಿರದ ಜೈಕೂರ್ ಹಳ್ಳಿಯ ಬದ್ರ್ ಶಾಕಿರ್ ಅಲ್ ಸಯ್ಯಾಬ್ ಕೂಡ ಇದೇ ದಾರಿ ಹಿಡಿದಿದ್ದರು. ಯಾರು ಮೊದಲು ಎಂಬ ಲೆಕ್ಕಾಚಾರಕ್ಕೆ ಎಷ್ಟೋ ಪುಟ ಖರ್ಚಾಗಿದೆ. ಅದು ನನಗೆ ಅಷ್ಟು ರುಚಿಸುವುದಿಲ್ಲ. ನನಗೆ ಮುಖ್ಯವಾದದ್ದು ನಾಜಿಕ್ ಅವರ ಮುಂದಿನ ನಡೆ. 1962ರಲ್ಲಿ ಸಮಕಾಲೀನ ಕಾವ್ಯದ ಸಮಸ್ಯೆಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಅವರು, ‘ಮುಕ್ತ ಕಾವ್ಯ’ವು (ಸಾಲಿನ ಉದ್ದ ಬದಲಾಗುವ ಈ ಹೊಸ ರೂಪಕ್ಕೆ ಬಂದ ಹೆಸರು) ಎಲ್ಲಕ್ಕಿಂತ ಮೊದಲು ಒಂದು ಛಂದೋಸಂಗತಿ ಎಂದು ಖಂಡತುಂಡವಾಗಿ ಹೇಳಿ ಹೊಸಬರಿಗೆ ನಿಯಮಗಳನ್ನು ಹಾಕಿದರು. ಗದ್ಯದಲ್ಲಿ ಬರೆದು ಅದನ್ನು ಕವಿತೆ ಎನ್ನುವವರನ್ನು ಹತ್ತಿರ ಸೇರಿಸಲಿಲ್ಲ.

ಮುಂಗಾರು:

ಇದು ನನಗೆ ವಿಚಿತ್ರವಾಗಿ ಕಾಣುತ್ತದೆ. ಬೇಲಿ ಕಿತ್ತವರೇ ಮುಂದಿನ ಬೇಲಿಗೆ ಕಾವಲು ನಿಂತರೇ?

ಹಳೆಯ ಓದುಗ:

ನಿಂತರು, ಅವರೊಬ್ಬರೇ ಅಲ್ಲ. ಶೌಕಿಯವರ ಕವಿತೆಯನ್ನು ಮರಳಿನ ರಾಶಿ ಎಂದ ಅಕ್ಕಾದ್ ಮುಪ್ಪಿನಲ್ಲಿ ಈಜಿಪ್ಟಿನ ಕಲೆ ಮತ್ತು ಸಾಹಿತ್ಯದ ಉನ್ನತ ಪರಿಷತ್ತಿನ ಕಾವ್ಯಸಮಿತಿಯ ಮುಖ್ಯಸ್ಥರಾಗಿದ್ದರು. ಸಲಾಹ್ ಅಬ್ದುಲ್ ಸಬೂರ್, ಅಹ್ಮದ್ ಅಬ್ದುಲ್ ಮುಅ್ತಿ ಹಿಜಾಜಿ ಮೊದಲಾದ ತರುಣರ ಹೊಸ ಕವಿತೆಗಳು ಸಮಿತಿಯ ಮುಂದೆ ಬಂದಾಗ ಅವರು, ಇವನ್ನು ಗದ್ಯಸಮಿತಿಗೆ ವರ್ಗಾಯಿಸತಕ್ಕದ್ದು ಎಂದು ಕಡತದ ಮೇಲೆ ಷರಾ ಬರೆದರೆಂಬುದು ಈಜಿಪ್ಟಿನ ಸಾಹಿತ್ಯವಲಯದಲ್ಲಿ ಎಲ್ಲರ ಬಾಯಲ್ಲಿರುವ ಕಥೆ. ಹಿಜಾಜಿ ಅದಕ್ಕೆ ಉತ್ತರವಾಗಿ ಅಕ್ಕಾದರನ್ನು ಚುಚ್ಚುವ ಪದ್ಯ ಬರೆದರು, ಅದೂ ಅಕ್ಕಾದರ ಮೆಚ್ಚಿನ ಹಳೆಯ ಛಂದಸ್ಸಿನಲ್ಲಿ. ಆ ಹಿಜಾಜಿಯವರೇ ಅರ್ಧ ಶತಮಾನ ಕಳೆದ ಮೇಲೆ ಗದ್ಯಕವಿತೆಯನ್ನು ‘ಮೂಕ ಕವಿತೆ’ ಎಂದು ಕರೆದು ಒಂದು ಪುಸ್ತಕವನ್ನೇ ಬರೆದರು.

ಇದನ್ನು ಬರಿಯ ವಯೋಧರ್ಮವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಕ್ಕಾದರಿಗೆ ಕಾವ್ಯವೆಂದರೆ ಭಾವದ ಐಕ್ಯ. ಆ ಐಕ್ಯಕ್ಕೆ ಛಂದಸ್ಸು ಅಡ್ಡಿಯೆಂದು ಅವರಿಗೆ ಎಂದೂ ಅನ್ನಿಸಿರಲಿಲ್ಲ. ನಾಜಿಕ್ ಅವರಿಗೆ ಕಾವ್ಯವೆಂದರೆ ಭಾವಕ್ಕೆ ಹೊಂದುವ ಲಯ. ಲಯವೇ ಇಲ್ಲವೆಂದಾದರೆ ಹೊಂದಿಸುವುದು ಯಾವುದನ್ನು? ಒಬ್ಬೊಬ್ಬರೂ ತಮ್ಮ ತಮ್ಮ ಸಿದ್ಧಾಂತಕ್ಕೆ ನಿಷ್ಠರಾಗಿಯೇ ಮುಂದಿನವರನ್ನು ತಡೆದರು.

ತುಂಗೆ:

ಸಲಾಹ್ ಅಬ್ದುಲ್ ಸಬೂರ್ ಅವರ ಹೆಸರು ಬಂದದ್ದರಿಂದ ಒಂದೆರಡು ಮಾತು. ಅವರ 1957ರ ಮೊದಲ ಸಂಕಲನದ ಒಂದು ಕವಿತೆಯಲ್ಲಿ, ದಾರಿಯಲ್ಲಿ ಚಹಾ ಕುಡಿದೆ, ಹರಿದ ಚಪ್ಪಲಿ ಹೊಲಿಸಿಕೊಂಡೆ, ಗೆಳೆಯನ ಕೂಡೆ ಪಗಡೆಯಾಡಿದೆ ಎಂಬ ಅರ್ಥದ ಸಾಲುಗಳಿವೆ. ವಿಷಯ ದುಃಖ, ನಗರದ ಒಬ್ಬ ಬಡ ಮನುಷ್ಯನ ಸಂಜೆಯ ದುಃಖ. ಈ ಚಹಾ ಮತ್ತು ಚಪ್ಪಲಿಯ ಮೇಲೆ ವಿಮರ್ಶಕರು ವರ್ಷಗಟ್ಟಲೆ ಹರಿಹಾಯ್ದರು. ಅವರನ್ನು ಕೆಣಕಿದ್ದು ಛಂದಸ್ಸಲ್ಲ, ಏಕೆಂದರೆ ಆ ಸಾಲುಗಳಲ್ಲಿ ಗಣಗಳು ಸರಿಯಾಗಿಯೇ ಇವೆ. ಚಪ್ಪಲಿ ಕಾವ್ಯದೊಳಗೆ ಕಾಲಿಡಬಹುದೇ ಎಂಬುದೇ ಪ್ರಶ್ನೆಯಾಗಿತ್ತು. ಇದು ಹಳೆಯ ಓದುಗರ ‘ದ್ರಷ್ಟಾರ’ನ ಚಿತ್ರಕ್ಕೆ ಸುಲಭವಾಗಿ ಒಗ್ಗುವುದಿಲ್ಲವೆಂದು ನನ್ನ ಎಣಿಕೆ. ಡಮಾಸ್ಕಸಿನ ನಿಜಾರ್ ಕಬ್ಬಾನಿ ಪಂಡಿತರ ಅರಬ್ಬಿಗೂ ಬೀದಿಯ ಆಡುಮಾತಿಗೂ ನಡುವಿನ ‘ಮೂರನೆಯ ಭಾಷೆ’ಯೊಂದನ್ನು ಹುಡುಕಿದ್ದು ಇದೇ ಕಾರಣಕ್ಕೆ. ಇವರಿಬ್ಬರಿಗೂ ಕಾವ್ಯದ ಸ್ವರೂಪವನ್ನು ನಿರ್ಧರಿಸುವುದು ಅದು ಯಾರ ಬಾಯಿಯ ಮಾತು ಎಂಬುದು.

ಅಬ್ದುಲ್ ಸಬೂರ್ 1969ರಲ್ಲಿ ಬರೆದ ಕಾವ್ಯಾತ್ಮಕಥೆ ನನಗೆ ಬಹಳ ಹಿಡಿಸಿದ ಪುಸ್ತಕ. ಕವಿತೆ ಹುಟ್ಟುವ ಬಗೆಯನ್ನು ಅವರು ಸೂಫಿಗಳ ಪರಿಭಾಷೆಯಲ್ಲಿ ವರ್ಣಿಸುತ್ತಾರೆ: ಮೊದಲು ‘ವಾರಿದ್’, ಅಂದರೆ ಕರೆಯದೆ ಮನಸ್ಸಿಗೆ ಬಂದು ಬೀಳುವುದು, ಅನಂತರ ಅದರ ಬೆನ್ನುಹತ್ತಿ ಹೋಗುವ ಶ್ರಮ, ಕೊನೆಗೆ ಕವಿ ತನ್ನ ಎಂದಿನ ಸ್ಥಿತಿಗೆ ಮರಳಿ ಬಂದು, ಬರೆದದ್ದನ್ನು ಪರಕೀಯ ಕಣ್ಣಿನಿಂದ ತಿದ್ದುವುದು. ಹೀಗೆ ಬಂದದ್ದಕ್ಕೆ ಕಟ್ಟಡ ಬೇಕೇಬೇಕು, ಕಟ್ಟಡವಿಲ್ಲದ ಕವಿತೆಗೆ ಇರುವ ಹಕ್ಕೇ ಇಲ್ಲ ಎಂಬಷ್ಟು ಬಿಗಿಯಾಗಿ ಅವರು ವಾದಿಸುತ್ತಾರೆ. ಚಹಾ, ಚಪ್ಪಲಿ ಮತ್ತು ಸೂಫಿಗಳ ‘ವಾರಿದ್’ ಒಬ್ಬನೇ ಕವಿಯಲ್ಲಿ ಸೇರಿರುವಾಗ ಅವರನ್ನು ಯಾವ ಮೆಟ್ಟಿಲಿನ ಮೇಲೆ ಕೂರಿಸುತ್ತೀರಿ? (ಇವರು 1970ರ ದಶಕದ ಕೊನೆಯಲ್ಲಿ ಸ್ವಲ್ಪ ಕಾಲ ದೆಹಲಿಯ ಈಜಿಪ್ಟ್ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿದ್ದರು ಎಂಬುದು ಇಲ್ಲಿ ಅಪ್ರಸ್ತುತವಾದರೂ ಹೇಳಬೇಕೆನ್ನಿಸಿತು.)

ಹಳೆಯ ಓದುಗ:

ಅಬ್ದುಲ್ ಸಬೂರ್ ಅವರನ್ನು ಮೆಟ್ಟಿಲಿನಿಂದ ಇಳಿಸಿ ಅಂಗಳದಲ್ಲಿಯೇ ಬಿಡುತ್ತೇನೆ. ಆದರೆ ‘ದ್ರಷ್ಟಾರ’ ನನ್ನ ಕಲ್ಪನೆಯಲ್ಲ, ಅವರವರೇ ಹೇಳಿಕೊಂಡದ್ದು. ಯೂಸುಫ್ ಅಲ್ ಖಾಲ್ 1957ರಲ್ಲಿ ಬೈರೂತಿನಲ್ಲಿ ‘ಶಿಅ್ರ್’ ಎಂಬ ಪತ್ರಿಕೆ ಆರಂಭಿಸಿದರು; ಹೆಸರೇ ‘ಕಾವ್ಯ’. ಆ ವರ್ಷ ಪತ್ರಿಕೆಯ ಆಹ್ವಾನದ ಮೇಲೆ ಬಂದ ಸಯ್ಯಾಬ್, ಇಂದಿನ ಜಗತ್ತಿನಲ್ಲಿ ಕಾವ್ಯವಿಲ್ಲ, ಅದರ ಮೌಲ್ಯಗಳು ಕಾವ್ಯಕ್ಕೆ ಒಗ್ಗದವು, ಆದ್ದರಿಂದಲೇ ಕವಿ ಪುರಾಣಗಳ ಕಡೆಗೆ ತಿರುಗುತ್ತಾನೆ ಎಂದರು. ಆಧುನಿಕ ಕವಿಯನ್ನು ಚಿತ್ರಿಸಬೇಕೆಂದರೆ ಲೋಕಾಂತ್ಯದ ದರ್ಶನದಿಂದ ಕಣ್ಣು ಕಿತ್ತುಹೋದ ಸಂತ ಯೋಹಾನನ ಚಿತ್ರವೇ ತನಗೆ ಹೊಳೆಯುತ್ತದೆ ಎಂದರು. 1954ರಲ್ಲಿ ಪ್ರಕಟವಾದ ಅವರ ‘ಮಳೆಯ ಹಾಡು’ ಓದಿದರೆ ಈ ಮಾತಿನ ಅರ್ಥ ಬಿಡಿಸಿಕೊಳ್ಳುತ್ತದೆ. ‘ಮತರ್, ಮತರ್, ಮತರ್’ ಎಂದು ಮಳೆ ಹನಿಹನಿಯಾಗಿ ಮರುಕಳಿಸುತ್ತದೆ. ಮಳೆ ಬಂದರೂ ಇರಾಕಿನಲ್ಲಿ ಹಸಿವಿಲ್ಲದ ವರ್ಷವಿಲ್ಲ. ಸತ್ತು ಮರುಹುಟ್ಟು ಪಡೆಯುವ, ಪ್ರಾಚೀನ ಮೆಸೊಪೊಟೇಮಿಯಾದ ತಮ್ಮೂಜ್ ದೇವರ ಕಥೆ ಹೆಸರು ಹೇಳದೆಯೇ ಕವಿತೆಯ ತಳದಲ್ಲಿ ಹರಿಯುತ್ತಿದೆ.

1959ರಲ್ಲಿ ಅದೇ ಪತ್ರಿಕೆಯಲ್ಲಿ ಅದೋನಿಸ್, ಹೊಸ ಕಾವ್ಯಕ್ಕೆ ಲಕ್ಷಣ ಹೇಳಲು ಹೊರಟು ಅದನ್ನು ‘ರುಅ್ಯಾ’ ಎಂದರು. ರೂಢಿಯ ಪರಿಕಲ್ಪನೆಗಳಿಂದ ಆಚೆಗೆ ಜಿಗಿಯುವುದೇ ಅದರ ಗುಣವೆಂದರು. ಬರಹದಲ್ಲಿ ಕೂದಲೆಳೆಯ ವ್ಯತ್ಯಾಸವಿರುವ ಎರಡು ಪದಗಳು ಅರಬ್ಬಿಯಲ್ಲಿವೆ: ಒಂದು ಕಣ್ಣಿನಿಂದ ನೋಡುವುದು, ಇನ್ನೊಂದು ಕನಸಿನಲ್ಲಿ, ಪ್ರವಾದಿಗೆ ಕಂಡಂತೆ, ಕಾಣುವುದು. ಅದೋನಿಸ್ ಆರಿಸಿಕೊಂಡದ್ದು ಎರಡನೆಯದನ್ನು. ಕಾವ್ಯ ಹೀಗೆ ಕಾಣುವ ಒಂದು ಬಗೆಯೆಂದ ಮೇಲೆ ಅದು ಗದ್ಯದಲ್ಲಿಯೂ ಬರಬಹುದು. ಮರುವರ್ಷವೇ ಅವರು ಗದ್ಯಕವಿತೆಯ ಸಮರ್ಥನೆಗೆ ಲೇಖನ ಬರೆದರು, ಫ್ರೆಂಚ್ ವಿದ್ವಾಂಸೆ ಸುಜಾನ್ ಬರ್ನಾರ್ ಅವರ ಗ್ರಂಥವನ್ನು ಆಧರಿಸಿ. 1960ರಲ್ಲಿಯೇ ಲೆಬನಾನಿನ ಕವಿ ಉನ್ಸಿ ಅಲ್ ಹಾಜ್ ‘ಲನ್’ ಎಂಬ ಸಂಕಲನ ತಂದರು. ‘ಲನ್’ ಎಂದರೆ ಭವಿಷ್ಯತ್ತಿನ ನಿಷೇಧ: ಎಂದಿಗೂ ಆಗದು. ಕ್ರಿಯಾಪದವೇ ಇಲ್ಲದ ನಿರಾಕರಣೆ ಶೀರ್ಷಿಕೆಯಾಯಿತು!

ಕಲಬುರಗಿಯವ:

‘ರುಅ್ಯಾ’ ಪದವನ್ನು ಕನ್ನಡಕ್ಕೆ ತರುವಾಗ ‘ದರ್ಶನ’ ಎಂದು ಕೈಗೆ ಬಂದದ್ದನ್ನು ಬಳಸಬಾರದೆಂದು ನನ್ನ ವಿನಂತಿ. ಋಷಿಯಲ್ಲದವನು ಕವಿಯಾಗಲಾರ ಎಂಬ ನಮ್ಮ ಮಾತಿನಲ್ಲಿ ದರ್ಶನವು ಇರುವ ಸತ್ಯವನ್ನು ಕಾಣುವುದು. ಅದೋನಿಸರ ‘ರುಅ್ಯಾ’ ಇರುವುದನ್ನು ಒಡೆದು ಇಲ್ಲದ್ದನ್ನು ಹುಟ್ಟಿಸುವಂಥದು. ‘ಕಾಣ್ಕೆ’ ಎಂಬ ಪದ ಕೊಂಚ ಹತ್ತಿರ ಬರಬಹುದು, ಅದರಲ್ಲಿ ಕನಸು ಕಾಣುವುದೂ ಸೇರಿದೆ.

ದೋಹಾ ಕನ್ನಡಿಗ:

ನಾನು ವಿದ್ವಾಂಸನಲ್ಲ, ಹದಿನಾಲ್ಕು ವರ್ಷಗಳಿಂದ ಇಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿರುವವನು, ಅರಬ್ಬಿಯನ್ನು ಸಂಜೆ ತರಗತಿಯಲ್ಲಿ ಕಲಿತವನು. ನನ್ನ ಪಕ್ಕದ ಮೇಜಿನಲ್ಲಿ ಈಜಿಪ್ಟಿನವರೊಬ್ಬರಿದ್ದಾರೆ. ಊಟದ ಬಿಡುವಿನಲ್ಲಿ ಶೌಕಿಯವರ ಇಪ್ಪತ್ತು ಸಾಲುಗಳನ್ನು ತಡವರಿಸದೆ ಹೇಳುತ್ತಾರೆ, ಕಬ್ಬಾನಿಯವರ ಕವಿತೆಗಳನ್ನು ಹಾಡುಗಳಲ್ಲಿ ಕೇಳಿ ಗುನುಗುತ್ತಾರೆ. ಅದೋನಿಸ್ ಎಂದರೆ ಗೌರವದಿಂದ ತಲೆಯಾಡಿಸಿ ಸುಮ್ಮನಾಗುತ್ತಾರೆ. ಕಾವ್ಯ ಕಾಣುವ ಬಗೆಯೆಂದು ನೀವು ಎಷ್ಟೇ ಹೇಳಿದರೂ ಈ ಜನರಿಗೆ ಅದು ಇಂದಿಗೂ ಕೇಳುವ ವಸ್ತು. ಬೈರೂತಿನವರ ಸಿದ್ಧಾಂತ ಈ ಕಿವಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿತೇ ಎಂಬುದು ನನ್ನ ಸಂದೇಹ.

ತುಂಗೆ:

ದೋಹಾದ ಸೋದರರು ಎತ್ತಿದ ಮಾತಿಗೆ ಉತ್ತರವಿರುವುದು ಮಹಮೂದ್ ದರ್ವೀಶ್ ಅವರಲ್ಲಿ. ‘ಬರೆದುಕೋ, ನಾನು ಅರಬ’ ಎಂದು ಆರಂಭವಾಗುವ ಅವರ 1960ರ ದಶಕದ ಕವಿತೆ ಸಭೆಸಭೆಗಳಲ್ಲಿ ಘೋಷಣೆಯಂತೆ ಮೊಳಗಿತು. ಪ್ಯಾಲೆಸ್ತೀನಿನ ಕವಿ ಎಂಬ ಕಾರಣಕ್ಕೆ ಅರಬ್ ಲೋಕವೆಲ್ಲ ಮೆಚ್ಚಿ ಕುಣಿದಾಗ, ಇನ್ನೂ ಮೂವತ್ತು ತುಂಬದ ದರ್ವೀಶ್ ‘ಈ ಕ್ರೂರ ಪ್ರೀತಿಯಿಂದ ನಮ್ಮನ್ನು ಕಾಪಾಡಿ’ ಎಂಬ ಲೇಖನ ಬರೆದರು. ನಮ್ಮ ನೋವನ್ನು ಕಂಡು ಕನಿಕರದಿಂದ ಅಂಕ ಕೊಡಬೇಡಿ, ಕವಿತೆಯನ್ನು ಕವಿತೆಯಾಗಿ ಅಳೆಯಿರಿ ಎಂಬುದು ಅದರ ತಿರುಳು. ಆ ಹೊತ್ತಿಗೆ ಬೈರೂತಿನ ‘ಆದಾಬ್’ ಪತ್ರಿಕೆಯವರು ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್ ಹೆಸರು ಹೇಳಿ ಬರಹಗಾರನ ಬದ್ಧತೆಯನ್ನು ಪ್ರತಿಪಾದಿಸುತ್ತಿದ್ದರು. ಸಾರ್ತ್ರ್ ಸ್ವತಃ ಆ ಬದ್ಧತೆಯಿಂದ ಕಾವ್ಯಕ್ಕೆ ವಿನಾಯಿತಿ ಕೊಟ್ಟಿದ್ದನ್ನು ಮಾತ್ರ ಅನೇಕರು ಅನುಕೂಲಕ್ಕೆ ತಕ್ಕಂತೆ ಮರೆತರು.

ದರ್ವೀಶ್ ಕಿವಿಯನ್ನು ಬಿಡಲಿಲ್ಲ. ಅವರ ಕವಿತೆ ಎಷ್ಟು ಜಟಿಲವಾದರೂ ಗಣದ ನಡಿಗೆ ಅದರೊಳಗಿತ್ತು. ಆದರೆ ಆ ನಡಿಗೆಯನ್ನು ಅವರು ಬರಬರುತ್ತ ಮೆಲ್ಲಗಾಗಿಸಿದರು, ಮಾತನಾಡುವ ದನಿಯ ಮಟ್ಟಕ್ಕೆ ಇಳಿಸಿದರು. 2005ರ ಸಂಕಲನದ ಆರಂಭದಲ್ಲಿ ಅವರು ಹಾಕಿಕೊಂಡದ್ದು ಹತ್ತನೆಯ ಶತಮಾನದ ಗದ್ಯಲೇಖಕ ಅಬೂ ಹಯ್ಯಾನ್ ಅಲ್ ತೌಹೀದಿಯವರ ಒಂದು ಮಾತು. ಗದ್ಯದಂತಿರುವ ಪದ್ಯಕ್ಕೂ ಪದ್ಯದಂತಿರುವ ಗದ್ಯಕ್ಕೂ ನಡುವೆ ನಿಂತ ಮಾತೇ ಉತ್ತಮವೆಂಬುದು ಅದರ ಸಾರ.

ಮುಂಗಾರು:

ಕುದಾಮಾ ಹತ್ತನೆಯ ಶತಮಾನದವರು, ತೌಹೀದಿಯೂ ಆ ಶತಮಾನದವರೇ. ನನ್ನ ಮೊದಲ ಬರಹದಲ್ಲಿ ಹಳೆಯದನ್ನೆಲ್ಲ ಒಂದೇ ಗಂಟು ಕಟ್ಟಿದ್ದು ತಪ್ಪಾಯಿತೆಂದು ಈಗ ಗೊತ್ತಾಗುತ್ತಿದೆ. ದೋಹಾ ಕನ್ನಡಿಗರಲ್ಲಿ ಒಂದು ಕೋರಿಕೆ: ನಿಮ್ಮ ಸಹೋದ್ಯೋಗಿಯವರಿಂದ ‘ಕಾಲರಾ’ ಕವಿತೆಯ ಮೊದಲ ಭಾಗವನ್ನು ಓದಿಸಿ, ಧ್ವನಿಮುದ್ರಿಸಿ ಇಲ್ಲಿ ಹಾಕಲು ಸಾಧ್ಯವೇ? ಆ ಗೊರಸಿನ ಸದ್ದು ಅನುವಾದದಲ್ಲಿ ನನಗೆ ಕೇಳಿಸಿಲ್ಲ.

ದೋಹಾ ಕನ್ನಡಿಗ:

ಭಾನುವಾರ ಕಚೇರಿ ತೆರೆದ ಮೇಲೆ ಕೇಳಿ ನೋಡುತ್ತೇನೆ. ನಾಜಿಕ್ ಅವರನ್ನು ಓದುವುದಕ್ಕೆ ಮೊದಲು ಶೌಕಿಯವರ ಇಪ್ಪತ್ತು ಸಾಲು ಕೇಳಬೇಕೆಂದು ಅವರು ಷರತ್ತು ಹಾಕುವುದು ಖಂಡಿತ.